ಪುಟ್ಟ ಸ್ಪೀಕರಿನ ದೊಡ್ಡ ಪಾಠ

ಆಟಿಯ ಮಳೆ ಹೆಂಚಿನ ಮೇಲೆ ಸುರಿಯತೊಡಗಿದರೆ ಉಡುಪಿ ಕಡೆಯ ಮನೆಗಳಲ್ಲಿ ಎದುರಿಗಿದ್ದವರ ಮಾತು ಕೇಳಿಸುವುದೇ ಕಷ್ಟ. ಇನ್ನು ಲ್ಯಾಪ್‌ಟಾಪಿನಲ್ಲಿ ಪಾಠ ಕೇಳುವ ಮಕ್ಕಳ ಪಾಡು ಹೇಳತೀರದು. ಮಣಿಪಾಲದ ಮಗ್ಗುಲಿನ ಅಲೆವೂರಿನ ಕಾಲೇಜು ಹುಡುಗನೊಬ್ಬನಿಗೂ ಇದೇ ತೊಂದರೆ. ಅಧ್ಯಾಪಕರ ದನಿ ಡಬ್ಬದೊಳಗಿಂದ ಬಂದಂತಿರುತ್ತಿತ್ತು. ಅಜ್ಜ ಯಕ್ಷಗಾನ ನೋಡಲು ಕುಳಿತರೆ ಚೆಂಡೆಯ ಪೆಟ್ಟು ಕಿವಿಗೆ ರಾಚುತ್ತಿತ್ತೇ ಹೊರತು ಮದ್ದಳೆಯ ತುಂಬುನಾದ ಇರುತ್ತಿರಲಿಲ್ಲ. ಹೊಸ ಸ್ಪೀಕರಿಗೆ ದುಡ್ಡು ಕೇಳುವ ಮೊದಲು ಅವನು ಕಾರಣ ಹುಡುಕಿದ.

ಕಾರಣ ಸರಳ. ತಗ್ಗಿನ ಸ್ವರ ಹೊರಡಬೇಕಾದರೆ ಹೆಚ್ಚು ಗಾಳಿಯನ್ನು ಅಲುಗಿಸಬೇಕು. ಬೆರಳಗಲದ ಸ್ಪೀಕರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಸೆಕೆಂಡಿಗೆ ಸುಮಾರು 200 ಕಂಪನಗಳಿಗಿಂತ ಕೆಳಗಿನ ಸ್ವರಗಳು ಅದರಲ್ಲಿ ಸಾಮಾನ್ಯವಾಗಿ ಬಹಳ ಕ್ಷೀಣ.

ಅವನ ಲ್ಯಾಪ್‌ಟಾಪಿನಲ್ಲಿದ್ದದ್ದು ಲಿನಕ್ಸ್, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿ ಎಲ್ಲರಿಗೂ ತೆರೆದಿಟ್ಟ ವ್ಯವಸ್ಥೆ. ಈಚಿನ ಬಹುತೇಕ ಲಿನಕ್ಸ್‌ಗಳಲ್ಲಿ ಪಾಠವಿರಲಿ, ಹಾಡಿರಲಿ, ಸದ್ದೆಲ್ಲ ಪೈಪ್‌ವೈರ್ ಎಂಬ ಒಂದೇ ದಾರಿಯಲ್ಲಿ ಹಾದು ಸ್ಪೀಕರ್ ಸೇರುತ್ತದೆ. ಟ್ಯಾಂಕಿಯಲ್ಲೇ ನೀರು ಸೋಸಿದರೆ ಪ್ರತಿ ನಲ್ಲಿಗೂ ಬಟ್ಟೆ ಕಟ್ಟಬೇಕಾಗಿಲ್ಲವಷ್ಟೆ! ಈಸಿ ಎಫೆಕ್ಟ್ಸ್ ಎಂಬ ಉಚಿತ ತಂತ್ರಾಂಶ ಮಾಡುವುದು ಇದನ್ನೇ. ಅದರ ಈಕ್ವಲೈಸರ್ ಕರ್ಕಶ ಸ್ವರಗಳನ್ನು ತಗ್ಗಿಸುತ್ತದೆ. ಕಂಪ್ರೆಸರ್ ಮೆಲುದನಿಗೂ ಜೋರುದನಿಗೂ ಇರುವ ಅಂತರವನ್ನು ಕುಗ್ಗಿಸುತ್ತದೆ. ಲಿಮಿಟರ್ ಸದ್ದು ಮಿತಿ ಮೀರದಂತೆ ತಡೆಯುತ್ತದೆ.

ಇಲ್ಲದ ತಗ್ಗುಸ್ವರ ಬರುವುದು ಹೇಗೆ? ಹಿಂದಿನ ಮನೆ ಫೋನನ್ನು ನೆನಪಿಸಿಕೊಳ್ಳಿ. ಅದು ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಕಂಪನಗಳ ಸ್ವರಗಳನ್ನಷ್ಟೇ. ಗಂಡಸರ ದನಿಯ ಮೂಲಸ್ವರವೋ 100ರಿಂದ 150ರ ಆಸುಪಾಸಿನದು. ಆದರೂ ಮುಂಬೈಯಿಂದ ಮಾತಾಡಿದ ಅಪ್ಪನ ದನಿ ಗಡಸಾಗಿಯೇ ಕೇಳುತ್ತಿತ್ತು. ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು ಕಿವಿಗೆ ಬಿದ್ದರೆ ಸಾಕು, ಮೂಲವನ್ನು ಮಿದುಳು ತಾನೇ ಊಹಿಸಿಕೊಳ್ಳುತ್ತದೆ. ಬಾಸ್ ಎನ್‌ಹ್ಯಾನ್ಸರ್ ಎಂಬ ಸಾಧನ ಇಂಥ ಉಪಸ್ವರಗಳನ್ನು ಹುಟ್ಟಿಸಿ ಕೊಡುತ್ತದೆ.

"ಓದುವುದು ಬಿಟ್ಟು ಎಂತ ಒತ್ತುತ್ತಾ ಕೂತದ್ದು ಮಾರಾಯ?" ಎಂದು ಅಮ್ಮ ಗದರಿದ್ದೂ ಉಂಟು. ಗದರಿಕೆ ಸಹಜವೇ. ಆದರೆ ಪುಸ್ತಕದಲ್ಲಿ ಬಾಯಿಪಾಠವಾಗಿದ್ದ ಶಬ್ದದ ಅಧ್ಯಾಯ ಅವನ ಕಿವಿಗೆ ಇಳಿದದ್ದು ಆ ಎರಡು ಸಂಜೆಗಳಲ್ಲಿ.

ಪ್ರಯತ್ನಿಸುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ತಗ್ಗುಸ್ವರ ಬೇಕೆಂದು ಈಕ್ವಲೈಸರನ್ನು ಸಿಕ್ಕಾಪಟ್ಟೆ ಏರಿಸಿದರೆ ಸ್ಪೀಕರ್ ಗಿರಗುಟ್ಟೀತು, ಬಿಸಿಯಾಗಿ ಕೆಟ್ಟರೂ ಕೆಟ್ಟೀತು. ಏರಿಸುವುದಕ್ಕಿಂತ ಮೊದಲು ಬೇಡದ್ದನ್ನು ಇಳಿಸಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಿ, ಮೊದಲಿನದರೊಡನೆ ಹೋಲಿಸಿ ಕೇಳಬೇಕು. ಇಷ್ಟಾದರೂ ಬೆರಳಗಲದ ಸ್ಪೀಕರ್ ರಂಗಸ್ಥಳದ ಮದ್ದಳೆಯಾಗದು. ಮಾತು ತಿಳಿಯಾಗಿ ಕೇಳಿದರೆ ಅದೇ ಲಾಭ. ಹೆತ್ತವರೂ ಮಕ್ಕಳು ಹೊಸದನ್ನು ಬೇಡಿದಾಗ ಕೊಡಿಸುವ ಮುನ್ನ ಒಂದು ಮಾತು ಕೇಳಬಹುದು: ಇರುವುದರಲ್ಲಿ ಏನು ಕೊರತೆ, ಅದಕ್ಕೆ ಕಾರಣವೇನು?