ಬೇಡವೆನ್ನಬಲ್ಲ ಗುರು

ಹಿಂದೆ ಗುರುವಿರಬೇಕು, ಮುಂದೆ ಗುರಿಯಿರಬೇಕು ಎಂಬುದು ಕನ್ನಡ ನಾಡಿನಲ್ಲಿ ಓದಿದವರೂ ಓದದವರೂ ಸಮಾನವಾಗಿ ಆಡುವ ಮಾತು. ಈ ಮಾತನ್ನು ಅಕ್ಷರಶಃ ಪರೀಕ್ಷೆಗೆ ಒಡ್ಡುವ ವಿದ್ಯೆಯೊಂದಿದ್ದರೆ ಅದು ಕೋವಿಯ ವಿದ್ಯೆ. ಅಲ್ಲಿ ಗುರಿ ಕಣ್ಣೆದುರಿಗೇ ಇರುತ್ತದೆ. ಗುರು ಶಿಷ್ಯನ ಹೆಗಲ ಬಳಿಯಲ್ಲೇ ನಿಂತಿರುತ್ತಾನೆ. ಅನ್ಯ ವಿದ್ಯೆಗಳಲ್ಲಿ ಶಿಷ್ಯನ ತಪ್ಪನ್ನು ಅಳಿಸಿ ಬರೆಯಬಹುದು. ಕೋವಿಯ ಬಾಯಿಂದ ಹೊರಟ ಗುಂಡನ್ನು ಯಾರೂ ಹಿಂದಕ್ಕೆ ಕರೆಯಲಾರರು. ಹೀಗಿರುವಾಗ ಈ ವಿದ್ಯೆಯನ್ನು ಕಲಿಸುವವನಲ್ಲಿ ಇರಬೇಕಾದ ಗುಣಗಳಾವುವು?

ಚೆನ್ನಾಗಿ ಗುರಿಯಿಡಬಲ್ಲವನು ಚೆನ್ನಾಗಿ ಕಲಿಸಲೂಬಲ್ಲನೆಂದು ಜನ ನಂಬುತ್ತಾರೆ. ಆದರೆ ಗುರಿಕಾರನ ದೃಷ್ಟಿ ಎದುರಿನ ಹಲಗೆಯ ಮೇಲಿದ್ದರೆ, ಶಿಕ್ಷಕನ ದೃಷ್ಟಿ ಶಿಷ್ಯನ ಮೇಲಿರಬೇಕು. ಬೆರಳು ಎಲ್ಲಿದೆ, ಉಸಿರು ಹೇಗಿದೆ, ಹೆಗಲು ಬಿಗಿದಿದೆಯೆ, ಕೋವಿಯ ಬಾಯಿ ಎತ್ತ ತಿರುಗುತ್ತಿದೆ ಎಂಬುದನ್ನು ಅವನು ಕಾಣಬೇಕು. ಬಲಗೈಯವರಾದರೂ ಕೆಲವರಿಗೆ ಎಡಗಣ್ಣು ಪ್ರಧಾನವಾಗಿರುತ್ತದೆ. ಇದನ್ನು ಅರಿಯಲು ಕೈಗಳನ್ನು ಮುಂದಕ್ಕೆ ಚಾಚಿಸಿ, ಅಂಗೈಗಳ ನಡುವಿನ ಕಿಂಡಿಯಿಂದ ದೂರದ ವಸ್ತುವೊಂದನ್ನು ನೋಡಿಸಿ, ಒಂದೊಂದೇ ಕಣ್ಣನ್ನು ಮುಚ್ಚಿಸಿದರೆ ಸಾಕು. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುವುದೋ ಅದೇ ಪ್ರಧಾನವಾದ ಕಣ್ಣು. ಇಷ್ಟನ್ನು ನೋಡದೆ ಕೋವಿ ಕೊಟ್ಟ ಶಿಕ್ಷಕನು ಶಿಷ್ಯನ ಸೋಲನ್ನು ಶಿಷ್ಯನ ಅಲಕ್ಷ್ಯವೆಂದೇ ಬಗೆದು ಗದರಿಸುತ್ತಾನೆ.

ಹೊಸಬರಲ್ಲಿ ಕಾಣುವ ಇನ್ನೊಂದು ದೋಷ ಬೆಚ್ಚುವಿಕೆ. ಬರಲಿರುವ ಸದ್ದನ್ನೂ ಒದೆತವನ್ನೂ ಮೊದಲೇ ನೆನೆದು ಕೈ ಕುಗ್ಗುತ್ತದೆ, ಕೋವಿಯ ಬಾಯಿ ತಗ್ಗುತ್ತದೆ, ಗುಂಡು ಗುರಿಯ ಕೆಳಗೆ ಹೋಗುತ್ತದೆ. ಕೋವಿ ಸಿಡಿದಾಗ ಆ ಅದುರುವಿಕೆಯಲ್ಲಿ ದೋಷ ಮರೆಯಾಗುವುದರಿಂದ ಶಿಷ್ಯನಿಗೆ ಅದು ಕಾಣದು. ಬಲ್ಲ ಶಿಕ್ಷಕನು ನಿಜಗುಂಡುಗಳ ನಡುವೆ ಸಿಡಿಯದ ಡಮ್ಮಿ ಗುಂಡೊಂದನ್ನು ಗುಟ್ಟಾಗಿ ಸೇರಿಸಿ ಕೊಡುತ್ತಾನೆ. ಟ್ರಿಗರ್ ಎಳೆದಾಗ ಸದ್ದಾಗುವುದಿಲ್ಲ, ಒದೆತವೂ ಇಲ್ಲ. ಆದರೂ ಕೋವಿಯ ಮೂತಿ ಕೆಳಕ್ಕೆ ಬಾಗುತ್ತದೆ. ಶಿಷ್ಯ ತನ್ನ ಭಯವನ್ನು ತಾನೇ ಕಣ್ಣಾರೆ ಕಾಣುತ್ತಾನೆ. ಬೈಗುಳದಿಂದ ಆಗದ ತಿದ್ದುಪಡಿ ಈ ಮೌನದಿಂದ ಆಗುತ್ತದೆ.

ಅಮೆರಿಕದ ಅರಿಜೋನಾ ರಾಜ್ಯದ ಪಾಲ್ಡೆನ್ ಎಂಬಲ್ಲಿ 1976ರಲ್ಲಿ ಪಿಸ್ತೂಲು ತರಬೇತಿಯ ಶಾಲೆಯನ್ನು ಕಟ್ಟಿದವರು ಜೆಫ್ ಕೂಪರ್. ಅವರ ಹೆಸರಿನೊಡನೆ ಬೆಸೆದುಕೊಂಡಿರುವ ನಾಲ್ಕು ನಿಯಮಗಳ ಸಾರ ಇಷ್ಟು: ಪ್ರತಿಯೊಂದು ಕೋವಿಯಲ್ಲೂ ಗುಂಡಿದೆಯೆಂದೇ ನಡೆದುಕೊಳ್ಳಬೇಕು, ನಾಶವಾಗಬಾರದ ಯಾವುದರತ್ತಲೂ ಅದರ ಬಾಯಿ ತಿರುಗಬಾರದು, ಗುರಿ ಕೂಡುವವರೆಗೆ ಟ್ರಿಗರಿಗೆ ಬೆರಳು ತಾಗಬಾರದು, ಗುರಿ ಯಾವುದು, ಅದರ ಆಚೆಗೆ ಏನಿದೆ ಎಂಬುದನ್ನು ಅರಿತಿರಬೇಕು. ಇವನ್ನು ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಶಿಷ್ಯರು ಕಲಿಯುವುದು ಗುರುವಿನ ಕೈಯನ್ನು ನೋಡಿ. ಈಗತಾನೆ ತಾನೇ ಖಾಲಿ ಮಾಡಿದ ಕೋವಿಯನ್ನು ಮತ್ತೊಮ್ಮೆ ತೆರೆದು ನೋಡುವ ಶಿಕ್ಷಕನ ನಡೆಯೇ ಅವನ ದೊಡ್ಡ ಪಾಠ.

ಅದೇ ಅರಿಜೋನಾದ ವೈಟ್ ಹಿಲ್ಸ್ ಬಳಿಯ ತರಬೇತಿ ತಾಣವೊಂದರಲ್ಲಿ 2014ರ ಆಗಸ್ಟ್ 25ರಂದು ನಡೆದ ಘಟನೆ ಲೋಕವನ್ನೇ ತಲ್ಲಣಗೊಳಿಸಿತು. ತಂದೆ ತಾಯಿಯರೊಡನೆ ಪ್ರವಾಸಕ್ಕೆ ಬಂದ 9 ವರ್ಷದ ಬಾಲಕಿಯ ಕೈಗೆ ಊಜಿ ಎಂಬ ಸ್ವಯಂಚಾಲಿತ ಕೋವಿಯನ್ನು ಕೊಡಲಾಯಿತು. ಅಲ್ಲಿಯ ನಿಯಮ 8 ವರ್ಷ ತುಂಬಿದ ಮಕ್ಕಳಿಗೆ ಅನುಮತಿ ನೀಡಿತ್ತು. ಶಿಕ್ಷಕರು ಸೇನೆಯಲ್ಲಿ ದುಡಿದ ಅನುಭವಿ. ಬಾಲಕಿಯ ಎಡಬದಿಯಲ್ಲಿ ನಿಂತು ಕೈಯಿಡುವ ಬಗೆ ತೋರಿಸಿದರು. ಒಂದು ಗುಂಡು ಹಾರಿಸಿದಾಗ ಮೆಚ್ಚಿ ನುಡಿದರು. ಬಳಿಕ ಕೋವಿಯನ್ನು ನಿರಂತರ ಹಾರಾಟಕ್ಕೆ ಬದಲಿಸಿದರು. ಸೆಕೆಂಡಿಗೆ 10ಕ್ಕೆ ಕಡಿಮೆಯಿಲ್ಲದಂತೆ ಗುಂಡು ಹಾರಿಸುವ ಯಂತ್ರದ ಒದೆತವನ್ನು ಆ ಎಳೆಯ ತೋಳುಗಳು ತಡೆಯಲಾರದೆ ಹೋದವು. ಕೋವಿ ಮೇಲಕ್ಕೂ ಎಡಕ್ಕೂ ಎದ್ದಿತು. ಶಿಕ್ಷಕರ ತಲೆಗೆ ಗುಂಡು ತಗುಲಿ ಅವರು ಅಸುನೀಗಿದರು. ಕೋವಿ ತನ್ನ ಶಕ್ತಿಗೆ ಮೀರಿದ್ದು, ಹೆಗಲು ನೋಯಿತು ಎಂದು ಬಾಲಕಿ ಹೇಳಿದ್ದು ಪೊಲೀಸ್ ವರದಿಯಲ್ಲಿ ದಾಖಲಾಯಿತು. ಮೃತರ ಮಕ್ಕಳು ಆಕೆಯ ಮೇಲೆ ತಮಗೆ ಸಿಟ್ಟಿಲ್ಲವೆಂದು ಸಂದೇಶ ಕಳುಹಿಸಿದರು.

ಅಗಲಿದವರನ್ನು ದೂಷಿಸಲೆಂದು ಈ ಪ್ರಸಂಗವನ್ನು ನೆನೆಯಬೇಕಾಗಿಲ್ಲ. ಅಂದು ಅಲ್ಲಿ ಕ್ರೋಧವಿರಲಿಲ್ಲ, ದ್ವೇಷವಿರಲಿಲ್ಲ. ಮಗುವನ್ನು ಸಂತೋಷಪಡಿಸುವ ಇಚ್ಛೆ ಮಾತ್ರ ಇದ್ದಿತು. ಆ ಇಚ್ಛೆಯೇ ಗುರುವಿಗೆ ಎದುರಾಗುವ ಕಠಿಣ ಪರೀಕ್ಷೆ. ಹಣ ತೆತ್ತು ಬಂದವರು ಕೇಳುತ್ತಾರೆ, ನಿಯಮ ಒಪ್ಪುತ್ತದೆ, ಮಗುವಿನ ಕಣ್ಣಲ್ಲಿ ಉತ್ಸಾಹವಿದೆ. ಆ ಹೊತ್ತಿನಲ್ಲಿ ಶಿಷ್ಯನ ಅಳವನ್ನು ಅಳೆದು "ಇದು ನಿನಗೆ ಇಂದು ಬೇಡ" ಎನ್ನುವುದಕ್ಕೆ ಗುರಿಗೆ ಗುಂಡು ನೆಡುವುದಕ್ಕಿಂತ ಹೆಚ್ಚಿನ ಸ್ಥೈರ್ಯ ಬೇಕು. ಸ್ವಯಂಚಾಲಿತ ಕೋವಿಯನ್ನು ವಯಸ್ಕರಿಗೆ ಕಲಿಸುವಾಗಲೂ ಜಾಗರೂಕನಾದ ಶಿಕ್ಷಕನು ಮೊದಲು ಒಂದೇ ಗುಂಡು ತುಂಬಿ ಕೊಡುತ್ತಾನೆ, ಆಮೇಲೆ ಎರಡು. ಕೈ ತಾಳಿತೆಂದು ಕಂಡ ಮೇಲಷ್ಟೇ ಮುಂದಿನದು.

ಕನ್ನಡ ನಾಡಿಗೂ ಈ ಮಾತು ದೂರದ್ದಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಣೆಗೊಂಡಿತು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮೊದಲು ಕೈಮುಗಿಯುವುದು, ಬಳಿಕ ಕೈಗೆತ್ತಿಕೊಳ್ಳುವುದು. ಪರವಾನಗಿ ಕೇಳುವ ಅಧಿಕಾರಿ ಇಲ್ಲದೆಡೆ ಯಾರ ಕೈಗೆ ಎಂದು ಕೋವಿ ಕೊಡಬೇಕೆಂಬ ತೀರ್ಮಾನ ಮನೆಯ ಹಿರಿಯರದೇ ಆಗುತ್ತದೆ. ಹಿರಿಯರ ವಿವೇಕವೇ ಅಲ್ಲಿ ಪರವಾನಗಿ.

ವಿದ್ಯೆಯನ್ನು ಕೊಡುವುದು ಗುರುವಿನ ಔದಾರ್ಯ; ಕೊಡುವ ಹೊತ್ತನ್ನು ಅರಿತಿರುವುದು ಗುರುವಿನ ಅರಿವು. ಕಲಿತವನು ಎಷ್ಟು ಗುರಿಗಳನ್ನು ಹೊಡೆದನೆಂಬುದನ್ನು ಹಲಗೆಯ ತೂತುಗಳು ಹೇಳುತ್ತವೆ. ಆದರೆ ಗುರುವಿನ ಯೋಗ್ಯತೆಗೆ ಅಂಥ ಗುರುತುಗಳು ಉಳಿಯುವುದಿಲ್ಲ. ಸಂಜೆ ಬಯಲು ಬರಿದಾದಾಗ ಬಂದವರೆಲ್ಲರೂ ಬಂದಂತೆಯೇ ಮನೆ ಸೇರಿದರೆ, ಆ ದಿನದ ಪಾಠ ಚೆನ್ನಾಗಿ ನಡೆಯಿತೆಂದು ತಿಳಿಯಬೇಕು.