ಸ್ಯಾಂ-ಕ್ಲೂ ಉದ್ಯಾನದಲ್ಲಿ ಒಂದು ಹಾಡು

ಪ್ಯಾರಿಸ್ ನಗರವನ್ನು ನೋಡಹೋದವರಲ್ಲಿ ಬಹುಮಂದಿ ವರ್ಸೇಲ್ಸ್ ಅರಮನೆಯನ್ನು ಕಂಡು ಕೃತಾರ್ಥರಾಗಿ ಹಿಂದಿರುಗುತ್ತಾರೆ. ನಗರದ ಪಶ್ಚಿಮದ ಅಂಚಿನಲ್ಲಿ, ಸೀನ್ ನದಿಯ ಆಚೆಯ ದಡದ ದಿಬ್ಬದ ಮೇಲೆ ಹರಡಿಕೊಂಡಿರುವ ಸ್ಯಾಂ-ಕ್ಲೂ ಉದ್ಯಾನದ ಕಡೆಗೆ ಅವರ ದೃಷ್ಟಿ ಹಾಯುವುದಿಲ್ಲ. ಅದಕ್ಕಾಗಿ ಅವರನ್ನು ದೂರುವಂತೆಯೂ ಇಲ್ಲ. ವರ್ಸೇಲ್ಸಿನಲ್ಲಿ ಅರಮನೆಯಿದೆ, ಸ್ಯಾಂ-ಕ್ಲೂವಿನಲ್ಲಿ ಅರಮನೆಯಿಲ್ಲ. ಕಾರಂಜಿಗಳು, ಕಲ್ಲಿನ ಮೆಟ್ಟಿಲುಗಳು, ಶಿಲಾಪ್ರತಿಮೆಗಳು, ನೂಲು ಹಿಡಿದು ನೆಟ್ಟಂತಹ ಸಾಲುಮರಗಳು, ಒಂದು ರಾಜಗೃಹಕ್ಕೆ ಏನೇನು ಪರಿವಾರ ಬೇಕೋ ಅವೆಲ್ಲವೂ ಇವೆ. ನಡುವೆ ಇರಬೇಕಾದ ಮನೆಯೊಂದು ಮಾತ್ರ ಇಲ್ಲ.

ನಾನು ಅಲ್ಲಿಗೆ ಹೋದದ್ದು ಇತಿಹಾಸದ ಮೋಹದಿಂದಲ್ಲ. ಒಂದು ಹಾಡಿನ ಬೆನ್ನುಹತ್ತಿ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಹಾಡಿನೊಡನೆ ಅದಕ್ಕೊಂದು ಕಿರುಚಿತ್ರವನ್ನೂ ತಯಾರಿಸಿ ಟೆಲಿವಿಷನ್ನಿಗೆ ಕೊಡುವ ವಾಡಿಕೆ 1980ರ ದಶಕದಲ್ಲಿ ಬಲವಾಗಿ ಬೇರೂರಿತು. ಮ್ಯೂಸಿಕ್ ವಿಡಿಯೋ ಎಂಬ ಈ ಪದಾರ್ಥವನ್ನು ಮನೆಯ ಮಕ್ಕಳಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಅವರೇ ನಮಗೆ ಪರಿಚಯಿಸಿಯಾರು. ಕುಣಿತ, ಹೊಗೆ, ಬಣ್ಣದ ದೀಪ, ಕ್ಷಣಕ್ಕೊಂದು ಉಡುಪು, ಕಣ್ಣು ಮಿಟುಕಿಸುವುದರೊಳಗೆ ಹತ್ತು ದೃಶ್ಯಗಳು: ಬಹುತೇಕ ಇದೇ ಅದರ ಸಂಪತ್ತು. ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಹಾಡಿದ, 1990ರ ಆರಂಭದಲ್ಲಿ ಹೊರಬಂದ ‘ನಥಿಂಗ್ ಕಂಪೇರ್ಸ್ ಟು ಯೂ’ ಎಂಬ ಹಾಡಿನ ಚಿತ್ರ ಈ ಸಂಪತ್ತೆಲ್ಲವನ್ನೂ ಬದಿಗಿಟ್ಟಿತು. ಅದರಲ್ಲಿರುವುದು ಎರಡೇ: ಒಂದು ಮುಖ, ಒಂದು ಉದ್ಯಾನ. ಆ ಉದ್ಯಾನವೇ ಸ್ಯಾಂ-ಕ್ಲೂ.

ಮೆಟ್ರೋ ರೈಲಿನ ಹತ್ತನೆಯ ಮಾರ್ಗದ ಕೊನೆಯ ನಿಲ್ದಾಣದಲ್ಲಿ ಇಳಿದು, ಸೇತುವೆಯನ್ನು ದಾಟಿದರೆ ಉದ್ಯಾನದ ಕೆಳಭಾಗ ಸಿಕ್ಕುತ್ತದೆ. ವಿಸ್ತಾರ ಸುಮಾರು 460 ಹೆಕ್ಟೇರುಗಳು, ಎಂದರೆ ಸಾವಿರ ಎಕರೆಗೂ ಮೇಲೆ. ಮೊದಲು ಕಣ್ಣಿಗೆ ಬೀಳುವುದು ಹದಿನೇಳನೆಯ ಶತಮಾನದ ಮಹಾ ಜಲಸೋಪಾನ. ಬೇಸಿಗೆಯ ಕೆಲವು ದಿನಗಳಲ್ಲಿ ಮಾತ್ರ ಅದರಲ್ಲಿ ನೀರು ಧುಮುಕುತ್ತದೆ. ನಾನು ಹೋದದ್ದು ಡಿಸೆಂಬರಿನಲ್ಲಿ. ಪಾಚಿಗಟ್ಟಿದ ಕಲ್ಲಿನ ಬೋಗುಣಿಗಳು ಬರಿದಾಗಿದ್ದವು. ದಿಬ್ಬವನ್ನೇರಿ ಮೇಲಿನ ಅಂಗಳಕ್ಕೆ ಬಂದರೆ, ಶಂಕುವಿನಾಕಾರದಲ್ಲಿ ಕತ್ತರಿಸಿದ ‘ಯೂ’ ಎಂಬ ನಿತ್ಯಹಸುರಿನ ಗಿಡಗಳು ಕಾಣುತ್ತವೆ. ಅಲಂಕಾರಕ್ಕೆಂದು ನೆಟ್ಟಿರಬಹುದೆಂದು ತೋರುವ ಆ ಗಿಡಗಳು ನಿಂತಿರುವುದು ಅರಮನೆಯಿದ್ದ ತಾಣವನ್ನು ಗುರುತಿಸುವುದಕ್ಕಾಗಿ.

ಸಣ್ಣ ಮನೆಯೇನಲ್ಲ ಅದು. ಹದಿನಾಲ್ಕನೆಯ ಲೂಯಿಯ ತಮ್ಮ ಅಲ್ಲಿ ವಾಸವಾಗಿದ್ದ. 1785ರಲ್ಲಿ ಅದನ್ನು ಕೊಂಡದ್ದು ರಾಣಿ ಮಾರಿ ಆಂತ್ವಾನೆತಳಿಗಾಗಿ. 1799ರ ನವೆಂಬರಿನಲ್ಲಿ ನೆಪೋಲಿಯನ್ ಆಳ್ವಿಕೆಯನ್ನು ಕಿತ್ತುಕೊಂಡದ್ದು ಇಲ್ಲಿ. 1870ರಲ್ಲಿ ಪ್ರಷ್ಯದೊಡನೆ ಯುದ್ಧ ಹತ್ತಿತು. ಶತ್ರುಸೈನ್ಯ ಬಂದು ಅರಮನೆಯನ್ನು ಹಿಡಿದುಕೊಂಡಿತು. ಅವರನ್ನು ಹೊಡೆಯಲೆಂದು ಹತ್ತಿರದ ಮೋಂ-ವಾಲೇರಿಯಾ ಕೋಟೆಯಿಂದ ಹಾರಿದ ಫ್ರೆಂಚರದೇ ಗುಂಡುಗಳಿಂದ ಅಕ್ಟೋಬರ್ 13ರಂದು ಅರಮನೆ ಹೊತ್ತಿ ಉರಿಯಿತು. ಇಪ್ಪತ್ತು ವರ್ಷ ಹಾಳುಗೋಡೆಗಳು ನಿಂತಿದ್ದು, ಬಳಿಕ ಅವನ್ನೂ ಕೆಡವಿದರು. ಮತ್ತೆ ಕಟ್ಟಲಿಲ್ಲ. ತೋಟವನ್ನು ಮಾತ್ರ ಮೊದಲಿನಂತೆಯೇ ಕತ್ತರಿಸಿ, ಗುಡಿಸಿ, ಇಂದಿಗೂ ಒಪ್ಪವಾಗಿಟ್ಟಿದ್ದಾರೆ. ಎಲ್ಲ ದಾರಿಗಳೂ ಇಲ್ಲದ ಬಾಗಿಲಿನ ಕಡೆಗೆ ಇಂದಿಗೂ ಬರುತ್ತಿವೆ.

ಅಗಲಿಹೋದವರನ್ನು ನೆನೆದು ದಿನಗಳನ್ನೆಣಿಸುವ ವಿರಹಗೀತಕ್ಕೆ ಇಂತಹ ಸ್ಥಳವನ್ನು ನಿರ್ದೇಶಕ ಜಾನ್ ಮೇಬರಿ ತಿಳಿದೇ ಆರಿಸಿದನೋ, ಪ್ರತಿಮೆಗಳ ಚೆಲುವಿಗೆ ಮಾರುಹೋಗಿ ಆರಿಸಿದನೋ, ಫಲವಂತೂ ಒಂದೇ. ಚಿತ್ರದಲ್ಲಿ ಕಪ್ಪು ನಿಲುವಂಗಿ ತೊಟ್ಟ ಆಕೆ ಶೀತಕಾಲದ ಮಂಕು ಬೆಳಕಿನಲ್ಲಿ ಒಬ್ಬಳೇ ನಡೆಯುತ್ತಾಳೆ. ಕ್ಯಾಮರಾ ದೂರದಲ್ಲಿದೆ, ವಿಶಾಲವಾದ ಹಾದಿಯಲ್ಲಿ ಆಕೃತಿ ಪುಟ್ಟದಾಗಿದೆ. ಎಲ್ಲಿಗೋ ತಲುಪಬೇಕೆಂಬ ಅವಸರ ಆ ನಡಿಗೆಯಲ್ಲಿಲ್ಲ. ಬಣ್ಣಗಳು ಬಸಿದುಹೋಗಿ ಬೂದಿಯ ಛಾಯೆಯೊಂದೇ ಉಳಿದಿದೆ. ಒಂದು ದೃಶ್ಯವನ್ನು ತಟ್ಟನೆ ಕತ್ತರಿಸಿ ಮತ್ತೊಂದನ್ನು ತರುವ ಬದಲು, ಒಂದರೊಳಗೆ ಇನ್ನೊಂದು ಕರಗುವಂತೆ ಜೋಡಿಸಿದ್ದಾರೆ. ನೆನಪು ಬರುವ ರೀತಿಯೂ ಇದೇ ಅಲ್ಲವೆ? ಪ್ರತಿಮೆಗಳನ್ನು ಮಾತ್ರ ಸ್ವಲ್ಪ ಅತಿಯಾಗಿ ತೋರಿಸಿದ್ದಾರೆಂದು ನನ್ನ ಅಭಿಪ್ರಾಯ. ದುಃಖವೆಂದರೆ ಕಲ್ಲಾಗುವುದು ಎಂದು ಒಂದು ಬಾರಿ ಹೇಳಿದರೆ ಸಾಕು, ಪ್ರೇಕ್ಷಕ ದಡ್ಡನಲ್ಲ.

ಉದ್ಯಾನದ ಚಿತ್ರಗಳಷ್ಟೇ ಇದ್ದಿದ್ದರೆ ಇದು ಸುಂದರವಾದ ಅಂಚೆಕಾರ್ಡುಗಳ ಕಟ್ಟಾಗುತ್ತಿತ್ತು. ಮೊದಲಿನ ಯೋಜನೆಯಲ್ಲಿ ಅವಕ್ಕೆ ಇನ್ನೂ ಹೆಚ್ಚಿನ ಸ್ಥಾನವಿತ್ತಂತೆ. ಅದನ್ನು ಬದಲಿಸಿದ್ದು ಆ ಮುಖ.

ಮುಖದ ಚಿತ್ರಣದಲ್ಲಿ ಹಿನ್ನೆಲೆ ಕಪ್ಪು, ತೊಟ್ಟ ಉಡುಪು ಕಪ್ಪು. ಕತ್ತಿನಿಂದ ಮೇಲಕ್ಕೆ ಮುಖವಷ್ಟೇ ಬೆಳಕಿನಲ್ಲಿದೆ. ನೋಡುವವನ ಕಣ್ಣು ದಣಿದು ಬೇರೆ ಕಡೆಗೆ ಹೊರಳೋಣವೆಂದರೆ ಹೊರಳಲು ಏನೂ ಇಲ್ಲ: ಕಿಟಕಿಯಿಲ್ಲ, ಪರದೆಯಿಲ್ಲ, ಹೂದಾನಿಯಿಲ್ಲ. ತಲೆಯ ಮೇಲೆ ಕೂದಲು ಕೂಡ ಇಲ್ಲ. ಹೆಣ್ಣಿನ ಬೋಳುತಲೆಯೆಂದರೆ ನಮ್ಮ ಅಜ್ಜಿಯರ ಕಾಲದ ನೆನಪಿರುವವರ ಎದೆ ಒಮ್ಮೆ ಝಲ್ಲೆನ್ನುತ್ತದೆ. ಇಲ್ಲಿ ಸಂಗತಿ ಬೇರೆ. ಹೆಣ್ಣುಹೆಣ್ಣಾಗಿ ಕಾಣಿಸಿಕೋ, ಹಾಡು ಮಾರಾಟವಾಗುತ್ತದೆ ಎಂದು ಬುದ್ಧಿ ಹೇಳಿದ ಧ್ವನಿಮುದ್ರಣದ ಯಜಮಾನರಿಗೆ ಉತ್ತರವಾಗಿ ಆಕೆ ತಾನಾಗಿಯೇ ತಲೆ ಬೋಳಿಸಿಕೊಂಡಳು. ಪ್ರತಿಭಟನೆಗೆಂದು ಮಾಡಿದ್ದು ಚಿತ್ರಕ್ಕೆ ವರವಾಯಿತು. ಮುಖಕ್ಕೆ ಚೌಕಟ್ಟು ಇಲ್ಲವಾದ್ದರಿಂದ ಹುಬ್ಬಿನ ಅಲುಗಾಟ, ಗಂಟಲಿನ ಸೆಳೆತ ಎಲ್ಲವೂ ಕಾಣುತ್ತವೆ. 1928ರಲ್ಲಿ ಕಾರ್ಲ್ ಡ್ರೇಯರ್ ಫ್ರಾನ್ಸಿನಲ್ಲಿ ತೆಗೆದ ಜೋನ್ ಆಫ್ ಆರ್ಕಳ ಮೂಕಿಚಿತ್ರದಲ್ಲಿ, ಕೂದಲು ಕತ್ತರಿಸಿದ ನಟಿ ಫಾಲ್ಕೊನೆಟ್ಟಿಯ ಮುಖವನ್ನು ನೋಡಿದವರಿಗೆ ಈ ಬಗೆಯ ಕ್ಲೋಸಪ್ಪಿನ ಶಕ್ತಿ ತಿಳಿದೀತು.

ಇನ್ನೊಂದು ಯುಕ್ತಿ ಕಣ್ಣಿನದು. ಕಥಾಚಿತ್ರದ ನಟರು ಕ್ಯಾಮರಾದ ಕಣ್ಣಿಗೆ ಕಣ್ಣು ಕೊಡುವುದಿಲ್ಲ; ಕೊಟ್ಟರೆ ಕಥೆಯ ಭ್ರಮೆ ಒಡೆಯುತ್ತದೆ. ಇಲ್ಲಿ ಆಕೆ ನೇರವಾಗಿ ನಮ್ಮನ್ನೇ ನೋಡುತ್ತಾಳೆ. ಹಾಡಿನ ‘ನೀನು’ ಯಾರು? ಬಿಟ್ಟುಹೋದ ಪ್ರಿಯನೆಂದು ತಿಳಿದು ನಿಶ್ಚಿಂತೆಯಿಂದ ಕುಳಿತಿದ್ದ ನಾವು, ಆ ನೋಟ ತಾಗಿದೊಡನೆ ಅಪರಾಧಿಗಳಂತೆ ನೇರವಾಗಿ ಕೂರುತ್ತೇವೆ. ಕೋಪ, ಅಂಗಲಾಚಿಕೆ, ಮುನಿಸು ಒಂದರ ಹಿಂದೊಂದು ಮುಖದ ಮೇಲೆ ಹಾಯುತ್ತವೆ. ಕಣ್ಣು ಕೆಳಗಿಳಿಯುವುದು ಅಪರೂಪ. ಇಳಿದಾಗ ಆ ಕ್ಷಣಕ್ಕೆ ಬಲವಾದ ಅರ್ಥ ಬರುತ್ತದೆ.

ಕೊನೆಯ ಚರಣದಲ್ಲಿ, ಅಮ್ಮ ಹಿತ್ತಿಲಲ್ಲಿ ನೆಟ್ಟ ಹೂಗಿಡಗಳ ಪ್ರಸ್ತಾಪ ಬರುತ್ತದೆ. ಅದನ್ನು ಬರೆದವನು ಅಮೆರಿಕದ ಗಾಯಕ ಪ್ರಿನ್ಸ್. 1985ರಲ್ಲಿ ಬೇರೊಂದು ತಂಡ ಅದನ್ನು ಹಾಡಿಯೂ ಇತ್ತು. ಅದೇ 1985ರಲ್ಲಿ, ಶಿನೇಡಳಿಗೆ ಹದಿನೆಂಟು ವರ್ಷವಾಗಿದ್ದಾಗ, ಆಕೆಯ ತಾಯಿ ಮೋಟಾರು ಅಪಘಾತದಲ್ಲಿ ತೀರಿಕೊಂಡಿದ್ದಳು. ಆ ತಾಯಿಯಿಂದ ಆಕೆ ಉಂಡದ್ದು ಪ್ರೀತಿಗಿಂತ ಪೆಟ್ಟೇ ಹೆಚ್ಚು. ಅದನ್ನು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಳು. ಹೊಡೆದ ತಾಯಿಗಾಗಿ ಅಳುವುದು ಸುಲಭವಲ್ಲ. ಅಳದಿರುವುದು ಇನ್ನೂ ಕಷ್ಟ. ಆ ಚರಣ ಬಂದಾಗ, ಯಾರೂ ಹೇಳಿಕೊಡದೆ, ಎರಡು ಹನಿಗಳು ಕೆನ್ನೆಯ ಮೇಲೆ ಇಳಿದವು. ಹಾಡು ನಿಲ್ಲಲಿಲ್ಲ, ಕ್ಯಾಮರಾವೂ ನಿಲ್ಲಲಿಲ್ಲ.

ನಮ್ಮ ನಾಟ್ಯಶಾಸ್ತ್ರ ಅಶ್ರುವನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದಾಗಿ ಎಣಿಸುತ್ತದೆ. ಕೈಕಾಲುಗಳ ಅಭಿನಯವನ್ನು ಕಲಿಯಬಹುದು. ಸಾತ್ತ್ವಿಕಕ್ಕೆ ಮನಸ್ಸೇ ಒಳಗಾಗಬೇಕು. ಆದರೆ ಕಣ್ಣೀರೊಂದೇ ಆ ಚಿತ್ರವನ್ನು ಗೆಲ್ಲಿಸಿತೆಂದರೆ ತಪ್ಪಾದೀತು. ಅತ್ತ ಮುಖಗಳು ಲೋಕದಲ್ಲಿ ಎಷ್ಟಿಲ್ಲ! ಹನಿ ಇಳಿಯುವವರೆಗೆ ಮೂರು ನಿಮಿಷಕ್ಕೂ ಹೆಚ್ಚು ಕಾಲ ಅದನ್ನು ಇಳಿಯಗೊಡದ ಬಿಗಿತವಿದೆ. ಇಳಿದ ಮೇಲೆ ಅದರ ಬಳಿಗೆ ಧಾವಿಸದ ಸಂಯಮ ಕ್ಯಾಮರಾಕ್ಕಿದೆ. ನಡುನಡುವೆ ಬರುವ ಉದ್ಯಾನ ನಮಗೆ ಉಸಿರಾಡಲು ಎಡೆ ಕೊಡುತ್ತದೆ. ಮುಖ ಅತಿ ಹತ್ತಿರ, ತೋಟ ಅತಿ ದೂರ. ನಡುವಿನ ದೂರದಿಂದ, ಎಂದರೆ ನಾವು ನೆರೆಹೊರೆಯವರನ್ನು ನೋಡುವ ದೂರದಿಂದ, ಆಕೆಯನ್ನು ತೋರಿಸುವುದು ಕಡಿಮೆ.

1990ರಲ್ಲಿ ಎಂಟಿವಿ ಸಂಸ್ಥೆ ಇದನ್ನು ವರ್ಷದ ಶ್ರೇಷ್ಠ ಚಿತ್ರವೆಂದು ಆರಿಸಿತು; ಗಾಯಕಿಯೊಬ್ಬಳಿಗೆ ಆ ಬಹುಮಾನ ಸಂದದ್ದು ಅದೇ ಮೊದಲು. ಪ್ರಿನ್ಸ್ 2016ರಲ್ಲಿ ತೀರಿಕೊಂಡ. ಶಿನೇಡ್ 2023ರ ಜುಲೈ 26ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಕಣ್ಣು ಮುಚ್ಚಿದಳು.

ಉದ್ಯಾನಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರಿಗೆ ಶುಲ್ಕವಿಲ್ಲ, ಕಾರಿನವರು ತೆರಬೇಕು. ಚಿಮ್ಮುವ ನೀರಿನ ವೈಭವ ಬೇಕೆನ್ನುವವರು ಬೇಸಿಗೆಯಲ್ಲಿ, ದಿನವನ್ನು ವಿಚಾರಿಸಿಕೊಂಡು ಹೋಗಲಿ. ಹಾಡಿನ ಉದ್ಯಾನ ಬೇಕೆನ್ನುವವರಿಗೆ ಚಳಿಗಾಲವೇ ತಕ್ಕದ್ದು. ಉಣ್ಣೆಯ ಉಡುಪು ಅವಶ್ಯ. ಮೇಲಿನ ಅಂಗಳದಿಂದ ಪ್ಯಾರಿಸ್ ನಗರವೆಲ್ಲವೂ ಕಾಣುತ್ತದೆ, ಐಫೆಲ್ ಗೋಪುರ ಬೆರಳುದ್ದವಾಗಿ. ಆದರೆ ಅಲ್ಲಿ ನಿಂತವರು ಒಮ್ಮೆ ಹಿಂದಿರುಗಿ, ಆ ಹಸುರು ಗಿಡಗಳ ನಡುವಿನ ಬಯಲನ್ನೂ ನೋಡಬೇಕು. ಅಲ್ಲಿ ಹುಲ್ಲು ಚೆನ್ನಾಗಿ ಬೆಳೆದಿದೆ.