ಟಚ್ ಉಂಟಾ?

ಬರೆಯದೆ ತುಂಬಾ ದಿನ ಆಯ್ತು. ಈ ಸಲ ಕಾರಣ ಸೋಮಾರಿತನ ಅಲ್ಲ ಮಾರಾಯ್ರೆ, ಬೆರಳು. ಬಲಗೈಯ ನಡುಬೆರಳು ಬಾತು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಹೇಗಾಯ್ತು ಅಂತ ಕೇಳಿದವರಿಗೆಲ್ಲ "ವಾಲಿಬಾಲ್" ಅಂದೆ. ಅವರು ಮೊದಲು ನನ್ನ ಹೊಟ್ಟೆ ನೋಡಿದರು, ಆಮೇಲೆ ನಕ್ಕರು. ಆದರೆ ಅದು ಅರ್ಧ ಉತ್ತರ. ಉಳಿದರ್ಧವನ್ನು ಇವತ್ತು ಬರೀತಾ ಇದ್ದೇನೆ.

ನಾನು 2020ರ ಲಾಕ್‌ಡೌನಿಗೆ ಬೆಂಗಳೂರು ಬಿಟ್ಟು ಊರಿಗೆ ಬಂದವನು. ಬಂಟ್ವಾಳದಿಂದ ಮೂಡಬಿದ್ರೆಗೆ ಹೋಗುವ ದಾರಿಯಲ್ಲಿ ಸಿದ್ದಕಟ್ಟೆ ದಾಟಿ ಸ್ವಲ್ಪ ಒಳಗೆ ನಮ್ಮ ಮನೆ. ಎರಡು ತಿಂಗಳಿಗೆ ಅಂತ ಬಂದವನು ಇಲ್ಲೇ ಉಳಿದೆ. ಕೆಲಸ ಲ್ಯಾಪ್‌ಟಾಪಿನಲ್ಲಿ, ಮಾತು ಫೋನಿನಲ್ಲಿ. ಅಂಗಳದಿಂದ ಆಚೆ ನನಗೆ ಗೊತ್ತಿದ್ದವರು ಇಬ್ಬರೇ, ಹಾಲಿನ ಸೊಸೈಟಿಯವರು ಮತ್ತು ಕರೆಂಟಿನ ಲೈನ್‌ಮ್ಯಾನ್. ಊರಿನವರಿಗೆ ನಾನು "ಬೆಂಗಳೂರಿನ ಸರ್". ಹುಟ್ಟಿದ ಊರಿನಲ್ಲೇ ಸರ್ ಅನ್ನಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಹಾಗೆ ಅನ್ನಿಸಿಕೊಂಡವರಿಗೇ ಗೊತ್ತು.

ಬಿ.ಸಿ.ರೋಡಿನ ಡಾಕ್ಟ್ರು ರಿಪೋರ್ಟ್ ನೋಡಿ "ಶುಗರ್ ಬಾಗಿಲಲ್ಲಿ ನಿಂತಿದೆ, ಒಳಗೆ ಕರೀಬೇಡಿ. ದಿನಾ ಮೈ ಬೆವರಬೇಕು" ಅಂದರು. ಒಬ್ಬನೇ ನಡೆಯುವುದು ಎರಡು ವಾರಕ್ಕೆ ಬೇಜಾರು ಬಂತು. ನಡೆಯುವ ದಾರಿಯಲ್ಲೇ ಏಣೆಲು ಕೊಯ್ಲು ಮುಗಿದ ಒಂದು ಗದ್ದೆಯಲ್ಲಿ ಹುಡುಗರು ಅಡಿಕೆ ಮರದ ಕಂಬ ನೆಟ್ಟು ನೆಟ್ ಕಟ್ಟಿದ್ದರು. ಒಂದು ಸಂಜೆ ಬದುವಿನಲ್ಲಿ ನಿಂತು ನೋಡುತ್ತಿದ್ದೆ. ಒಬ್ಬ ಕಡಿಮೆ ಇದ್ದ. "ಬರ್ತೀರಾ ಸರ್?" ಅಂದರು. ಹೋದೆ. 43ನೇ ವಯಸ್ಸಿನಲ್ಲಿ ಟೀಮಿಗೆ ಸೇರಿದ್ದು ಹೀಗೆ :)

"ಈ ಪ್ರಾಯದಲ್ಲಿ ನಿನಗೆ ಇದೆಲ್ಲ ಎಂತಕ್ಕೆ?" ಅಂತ ಅಮ್ಮ ಕೇಳಿದರು. ನಾನು ಇಂಟರ್ನೆಟ್ಟಿನಲ್ಲಿ ಓದಿದ್ದನ್ನು ಹೇಳಿದೆ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮೋರ್ಗನ್ ಅಂತ ಒಬ್ಬ ವ್ಯಾಯಾಮದ ಮೇಷ್ಟ್ರು ಇದ್ದರಂತೆ. ಅವರ ವೈಎಂಸಿಎಗೆ ಬರುತ್ತಿದ್ದ ನಡುವಯಸ್ಸಿನ ವ್ಯಾಪಾರಿಗಳಿಗೆ ಬಾಸ್ಕೆಟ್‌ಬಾಲ್ ಆಡಿದರೆ ಏದುಸಿರು. ಅವರಿಗೋಸ್ಕರ ಕಂಡುಹಿಡಿದ ಮೆತ್ತಗಿನ ಆಟವೇ ವಾಲಿಬಾಲ್! ಅಂದರೆ ಇದು ನನ್ನಂಥವರಿಗಾಗಿಯೇ ಹುಟ್ಟಿದ ಆಟ. ಅಮ್ಮ ಒಪ್ಪಲಿಲ್ಲ, ಆದರೆ ಎಣ್ಣೆ ಬಿಸಿ ಮಾಡಿ ಕೊಟ್ಟರು.

ಮೆತ್ತಗಿನ ಆಟ ಅಂತ ಮೋರ್ಗನ್ ಹೇಳಿರಬಹುದು, ನಮ್ಮೂರಿನ ಹುಡುಗರಿಗೆ ಅದು ಗೊತ್ತಿಲ್ಲ. ಮೊದಲ ವಾರ ಮುಂಗೈ ಎರಡೂ ಕೆಂಪು. ಎರಡನೇ ವಾರ ಕನ್ನಡಕ ಹೋಯಿತು. ನೆಟ್ಟಿನ ಎತ್ತರ 2.43 ಮೀಟರ್, ನನ್ನದು 1.68. ಶಾಲೆಯಲ್ಲಿ ನಾವು ಆಡುವಾಗ 15 ಪಾಯಿಂಟಿನ ಆಟ, ಸರ್ವಿಸ್ ನಮ್ಮದಿದ್ದರೆ ಮಾತ್ರ ಪಾಯಿಂಟ್. 1998ರಲ್ಲಿ ಅಂತಾರಾಷ್ಟ್ರೀಯ ಫೆಡರೇಶನ್ ಆ ನಿಯಮ ಬದಲಿಸಿತು, ಈಗ ಸೆಟ್ಟಿಗೆ 25, ಯಾರ ಸರ್ವಿಸ್ ಆದರೂ ಪಾಯಿಂಟ್. ಆದ್ದರಿಂದ ನನ್ನ ಒಂದೊಂದು ತಪ್ಪಿಗೂ ಕೂಡಲೇ ಲೆಕ್ಕ! ನನ್ನನ್ನು ಹಿಂದಿನ ಮೂಲೆಯಲ್ಲಿ ನಿಲ್ಲಿಸಿ, ಬಾಲು ಬಂದಾಗ ಎಲ್ಲರೂ ಒಟ್ಟಿಗೆ "ಬುಡ್ಲೆ ಸರ್, ಬುಡ್ಲೆ!" ಅಂತ ಕೂಗುತ್ತಿದ್ದರು. ಬಿಟ್ಟುಬಿಡಿ ಅಂತ. ಮೂರು ತಿಂಗಳು ನಾನು ಅದನ್ನೇ ಚೆನ್ನಾಗಿ ಮಾಡಿದೆ.

ನಮ್ಮ ಟೀಮ್ ಅಂದರೆ ಎಂತೆಂಥವರು! ಕ್ಯಾಪ್ಟನ್ ರಿಕ್ಷಾ ಓಡಿಸುವವ. ಲಿಫ್ಟರ್ ಮೂಡಬಿದ್ರೆಯಲ್ಲಿ ಕಾಲೇಜಿಗೆ ಹೋಗುವ ಹುಡುಗ. ಒಬ್ಬ ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮಾಡ್ತಾನೆ, ಒಬ್ಬರು ಟೆಂಪೋದಲ್ಲಿ ಮೀನು ಮಾರ್ತಾರೆ, ಇನ್ನೊಬ್ಬ ಬಸ್ಸಿನ ಕಂಡಕ್ಟರ್. ಎಲ್ಲರಿಗಿಂತ ಹಿರಿಯರು ಮರದ ಕೆಲಸದ ಆಚಾರ್ರು, ಐವತ್ತೈದು ದಾಟಿದೆ. ಅವರ ಬಾಯಲ್ಲಿ ಈಗಲೂ ಜಿಮ್ಮಿ ಜಾರ್ಜ್ ಹೆಸರು. ತುಳು, ಬ್ಯಾರಿ, ಕೊಂಕಣಿ ಎಲ್ಲ ಒಂದೇ ಅಂಕಣದಲ್ಲಿ. ನಮ್ಮ ಜಿಲ್ಲೆಯ ಬಗ್ಗೆ ಪೇಪರಿನಲ್ಲಿ ಬರುವುದನ್ನು ಮಾತ್ರ ಓದುವವರಿಗೆ ಇದನ್ನೊಮ್ಮೆ ತೋರಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇದರ ನಡುವೆ ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. ಅವಳೂ ಭಾನುವಾರ ಆಡ್ಲಿಕ್ಕೆ ಹೋಗ್ತಾಳಂತೆ, ಅಲ್ಟಿಮೇಟ್ ಫ್ರಿಸ್ಬೀ. ತಟ್ಟೆ ಎಸೆಯುವ ಆಟ. ತಟ್ಟೆಯ ತೂಕ 175 ಗ್ರಾಂ, ಒಂದು ಕಡೆ ಏಳು ಜನ, ಹುಡುಗರು ಹುಡುಗಿಯರು ಒಟ್ಟಿಗೆ. ತಟ್ಟೆ ಕೈಯಲ್ಲಿದ್ದಾಗ ಓಡುವ ಹಾಗಿಲ್ಲ, ನಿಂತು ಇನ್ನೊಬ್ಬರಿಗೆ ಎಸೆಯಬೇಕು. 1968ರಲ್ಲಿ ನ್ಯೂಜೆರ್ಸಿಯ ಒಂದು ಹೈಸ್ಕೂಲಿನ ಮಕ್ಕಳು ಶುರು ಮಾಡಿದ್ದಂತೆ.

"ರೆಫ್ರಿ ಇರೋದಿಲ್ಲ ಮಾವ" ಅಂದಳು.

"ಮತ್ತೆ ಫೌಲ್ ಯಾರು ಹೇಳೋದು?"

"ಆಡುವವರೇ. ತಪ್ಪು ಮಾಡಿದವರೇ ಒಪ್ಪಿಕೊಳ್ಳಬೇಕು. ವರ್ಲ್ಡ್ ಚಾಂಪಿಯನ್‌ಶಿಪ್ಪಿನಲ್ಲೂ ಹಾಗೇ."

ನಾನು ಜೋರಾಗಿ ನಕ್ಕೆ. ರೆಫ್ರಿ ಇಲ್ಲದೆ ನಮ್ಮೂರಲ್ಲಿ ಆಡಿದರೆ ಆ್ಯಂಬುಲೆನ್ಸ್ ಬೇಕಾದೀತು ಅಂದೆ. ಫೋನ್ ಇಟ್ಟ ಮೇಲೆ ಹೊಳೆಯಿತು, ನಮ್ಮ ಗದ್ದೆಯಲ್ಲೂ ದಿನಾ ಸಂಜೆ ರೆಫ್ರಿ ಇಲ್ಲ! ಬಾಲು ಬೆರಳಿಗೆ ತಾಗಿ ಹೊರಗೆ ಹೋದರೆ ಆಚಾರ್ರು ತಾವಾಗಿಯೇ ಕೈ ಎತ್ತಿ "ಟಚ್ ಉಂಟು" ಅಂತಾರೆ. ಉಳಿದವರೂ ಅಷ್ಟೆ. ಯಾರೂ ಇದಕ್ಕೆ ಹೆಸರು ಇಟ್ಟಿಲ್ಲ, ನಿಯಮ ಬರೆದಿಲ್ಲ. ನನಗೆ ಭಾರೀ ಹೆಮ್ಮೆ ಆಯಿತು.

ಆ ಹೆಮ್ಮೆ ಕಳೆದ ಜನವರಿಯವರೆಗೆ ಇತ್ತು.

ವೇಣೂರಿನ ಹತ್ತಿರ ಹೊನಲು ಬೆಳಕಿನ ಪಂದ್ಯಾಟ. ನಮ್ಮ ಕಡೆಯ ಪಂದ್ಯಾಟ ನೋಡದವರಿಗೆ ಹೇಳ್ತೇನೆ: ಉದ್ಘಾಟನೆ ರಾತ್ರಿ ಎಂಟಕ್ಕೆ ಅಂದರೆ ಹತ್ತಕ್ಕೆ. ಭಾಷಣ, ಶಾಲು, ಹಾರ. ಮೈಕಿನಲ್ಲಿ ವೀಕ್ಷಕ ವಿವರಣೆಯವರು ಉಸಿರು ತೆಗೆಯದೆ ಮಾತಾಡುತ್ತಿರುತ್ತಾರೆ. ಒಂದು ಬದಿ ಚರ್ಮುರಿ, ಇನ್ನೊಂದು ಬದಿ ಆಮ್ಲೆಟ್. ಪ್ರಥಮ, ದ್ವಿತೀಯ, ತೃತೀಯ, ಚತುರ್ಥ ಅಂತ ನಾಲ್ಕು ಬಹುಮಾನ, ಟ್ರೋಫಿ ಮತ್ತು ನಗದು. ನಾನು ಹೋದದ್ದು ನೀರಿನ ಬಾಟ್ಲಿ ಹಿಡಿಯಲಿಕ್ಕೆ.

ಕ್ವಾರ್ಟರ್ ಫೈನಲಿನಲ್ಲಿ ಕಂಡಕ್ಟರ್ ಹುಡುಗನ ಕಾಲು ಉಳುಕಿತು. ಗಂಟೆ ಎರಡೂವರೆ. ಬೇರೆ ಯಾರೂ ಇಲ್ಲ. "ಸರ್, ನಿಂತರೆ ಸಾಕು" ಅಂದ ಕ್ಯಾಪ್ಟನ್.

ಒಂದೊಂದು ಸೆಟ್ ಆಗಿ ಮೂರನೆಯದು, ಹದಿನೈದು ಪಾಯಿಂಟಿಗೆ. ನಾವು 13, ಅವರು 12. ತಿರುಗುತ್ತಾ ತಿರುಗುತ್ತಾ ನಾನು ಮುಂದಿನ ಸಾಲಿಗೆ ಬಂದಿದ್ದೆ, ನೆಟ್ಟಿನ ಬುಡಕ್ಕೆ. ಅವರ ಸ್ಮ್ಯಾಶರ್ ಹಾರಿದ. ನಾನೂ ಎರಡು ಕೈ ಎತ್ತಿದೆ. ಬ್ಲಾಕ್ ಮಾಡಲಿಕ್ಕೆ ಅಂತ ಹೇಳಲು ನನಗೂ ಆಸೆ, ನಿಜವಾಗಿ ಮುಖ ಮುಚ್ಚಿಕೊಳ್ಳಲಿಕ್ಕೆ. ಬಾಲು ನನ್ನ ನಡುಬೆರಳ ತುದಿಗೆ ಬಡಿದು ಗೆರೆಯ ಆಚೆ ಹೋಗಿ ಬಿತ್ತು. ರೆಫ್ರಿ ಔಟ್ ಅಂದರು. ಪಾಯಿಂಟ್ ನಮಗೆ.

ಅವರ ಹುಡುಗರೆಲ್ಲ "ಟಚ್, ಟಚ್" ಅಂತ ಓಡಿ ಬಂದರು. ರೆಫ್ರಿ ಲೈನಿನವನನ್ನು ನೋಡಿದರು, ಅವನಿಗೂ ಗೊತ್ತಿಲ್ಲ. ಆಮೇಲೆ ನನ್ನನ್ನು ನೋಡಿದರು. ನನ್ನ ವಯಸ್ಸು, ಕನ್ನಡಕ ನೋಡಿ ಸುಳ್ಳು ಹೇಳುವವನಲ್ಲ ಅಂತ ಅನ್ನಿಸಿರಬೇಕು.

"ಸರ್, ಟಚ್ ಉಂಟಾ?"

ಬೆರಳು ಉರಿಯುತ್ತಿತ್ತು. ನಾನು ತಲೆ ಅಡ್ಡ ಆಡಿಸಿದೆ.

14-12. ಮುಂದಿನ ಸರ್ವಿಸ್ ಅವರಿಗೆ ಎತ್ತಲಾಗಲಿಲ್ಲ. ಗೆದ್ದೆವು. ಎಲ್ಲರೂ ಬಂದು ನನ್ನನ್ನು ಅಪ್ಪಿ ಹಿಡಿದರು. ಕ್ಯಾಪ್ಟನ್ ಕಿವಿಯ ಹತ್ತಿರ ಕಿರುಚಿದ, "ಸೂಪರ್ ಅಣ್ಣಾ!" ಸರ್ ಅಲ್ಲ, ಅಣ್ಣ. ಇಷ್ಟು ವರ್ಷ ಯಾವುದಕ್ಕೆ ಕಾದಿದ್ದೆನೋ ಅದು ಆ ಕ್ಷಣದಲ್ಲಿ ಸಿಕ್ಕಿತು.

ಸೆಮಿಯಲ್ಲಿ ಸೋತೆವು, ಮೂರನೇ ಸ್ಥಾನದ ಆಟದಲ್ಲೂ ಸೋತೆವು. ಚತುರ್ಥ ಬಹುಮಾನ ಬಂತು. ಬೆಳಗಿನ ಜಾವ ಟೆಂಪೋದಲ್ಲಿ ವಾಪಸ್ ಬರುವಾಗ ಎಲ್ಲರೂ ಹಾಡುತ್ತಿದ್ದರು. ವೇಣೂರಿನಲ್ಲಿ 1604ರಲ್ಲಿ ನಿಲ್ಲಿಸಿದ ಬಾಹುಬಲಿ ಇದ್ದಾನಲ್ಲ, ಕತ್ತಲೆಯಲ್ಲಿ ಏನೂ ಕಾಣಲಿಲ್ಲ. ಆದರೂ ನಾನು ಆ ಕಡೆ ತಿರುಗಿ ಕೂರಲಿಲ್ಲ. ಅಣ್ಣನ ಎದುರು ಮೂರು ಯುದ್ಧ ಗೆದ್ದು, ಗೆದ್ದದ್ದನ್ನೆಲ್ಲ ಬಿಟ್ಟುಕೊಟ್ಟವನ ಊರು ಅದು. ನನ್ನಿಂದ ಒಂದು ಪಾಯಿಂಟ್ ಬಿಡಲಿಕ್ಕಾಗಲಿಲ್ಲ. ಮೂಡಬಿದ್ರೆಯಲ್ಲಿ ಹೋಟೆಲಿನ ಬಾಗಿಲು ತೆಗೆಯುವುದನ್ನು ಕಾದು ಬನ್ಸ್ ತಿಂದೆವು. ನನ್ನ ಬಿಲ್ಲು ಕೊಡಲು ಯಾರೂ ಬಿಡಲಿಲ್ಲ.

ಮರುದಿನ ಬೆರಳು ಬಾತಿತು. ಗದ್ದೆಗೆ ಹೋದಾಗ ಆಚಾರ್ರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಮುಖ ನೋಡಿದರು. "ಬೆಂಡೆ ಎಲೆ ಅರೆದು ಕಟ್ಟಿ" ಅಂತ ಮಾತ್ರ ಹೇಳಿ ನೆಟ್ ಕಟ್ಟಲು ಹೋದರು. ಬಹುಮಾನದ ದುಡ್ಡಿನಲ್ಲಿ ಹೊಸ ಬಾಲು ಬಂದಿತ್ತು. ಹಳದಿ, ನೀಲಿ, ಚಂದದ್ದು. ಅದು ನನ್ನ ಕಡೆ ಬಂದಾಗಲೆಲ್ಲ ಬಿಟ್ಟುಬಿಡೋಣ ಅನ್ನಿಸುತ್ತಿತ್ತು.

ಮೂರು ವಾರ ಬಿಟ್ಟು ಮೂಡಬಿದ್ರೆಯ ಬಸ್‌ಸ್ಟ್ಯಾಂಡಿನಲ್ಲಿ ಆ ಸ್ಮ್ಯಾಶರ್ ಸಿಕ್ಕಿದ. ಅವನೇ ನಕ್ಕು "ಹೇಗಿದ್ದೀರಿ ಸರ್" ಅಂದ. ನಾನು ಮಾತಿಗೆ ಅಂತ "ಅವತ್ತು ಒಳ್ಳೆ ಆಟ" ಅಂದೆ.

"ಎಂತ ಒಳ್ಳೆದು ಸರ್, ಅವತ್ತು ನಾನು ಔಟ್ ಹೊಡೆದದ್ದಕ್ಕೆ ನಮ್ಮವರು ಈಗಲೂ ಬೈತಾರೆ. ಮುಂದಿನ ಪಂದ್ಯಾಟಕ್ಕೆ ನನ್ನನ್ನು ಕರೆಯಲೇ ಇಲ್ಲ."

ನೋಡಿ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮೂರು ವಾರ ನನ್ನ ಮನಸ್ಸಾಕ್ಷಿ, ನನ್ನ ಬೆರಳು, ನನ್ನ ಅಣ್ಣ ಅಂತಲೇ ಒದ್ದಾಡಿದ್ದೆ. ನನ್ನ ಸುಳ್ಳು ಇನ್ನೊಬ್ಬನ ತಪ್ಪಾಗಿ ಓಡಾಡುತ್ತಿತ್ತು.

"ಟಚ್ ಇತ್ತು" ಅಂದೆ. ಬೆರಳು ತೋರಿಸಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಸಿಟ್ಟು ಬಂದರೆ ಬರಲಿ ಅಂತ ನಿಂತಿದ್ದೆ. "ನನಗೆ ಗೊತ್ತಿತ್ತು" ಅಂದ. ಆಮೇಲೆ, "ಇದನ್ನು ನಮ್ಮವರ ಹತ್ತಿರ ಹೇಳ್ತೀರಾ ಸರ್?"

ಆ ಭಾನುವಾರ ಸ್ಕೂಟರಿನಲ್ಲಿ ಅವರ ಊರಿಗೆ ಹೋದೆ. ಏಳೆಂಟು ಜನ ನೆಟ್ ಕಟ್ಟುತ್ತಿದ್ದರು. ದಾರಿಯಲ್ಲಿ ಕಟ್ಟಿದ ವಾಕ್ಯಗಳೆಲ್ಲ ಮರೆತುಹೋಗಿ ಎರಡೇ ಮಾತು ಹೇಳಿದೆ. ಒಬ್ಬ ನಕ್ಕ. ಒಬ್ಬ "ಈಗ ಹೇಳಿ ಎಂತ ಪ್ರಯೋಜನ, ಟ್ರೋಫಿ ವಾಪಸ್ ಬರ್ತದಾ?" ಅಂದ. ಸರಿಯಾದ ಪ್ರಶ್ನೆ, ಉತ್ತರ ಇರಲಿಲ್ಲ. ಸ್ಮ್ಯಾಶರ್ ತಲೆ ಎತ್ತದೆ ಗೂಟ ಹೊಡೆಯುತ್ತಲೇ ಇದ್ದ. ಅವರಲ್ಲಿ ಹಿರಿಯರೊಬ್ಬರು "ಬಂದಿದ್ದೀರಲ್ಲ, ಒಂದು ಆಟ ಆಡಿ ಹೋಗಿ" ಅಂದರು. ಬೆರಳಿಗೆ ಪಟ್ಟಿ ಸುತ್ತಿಕೊಂಡು ಆಡಿದೆ.

ಸುದ್ದಿ ನನಗಿಂತ ಮೊದಲು ಸಿದ್ದಕಟ್ಟೆ ತಲುಪಿತ್ತು. ಕ್ಯಾಪ್ಟನ್ ರಿಕ್ಷಾ ನಿಲ್ಲಿಸಿ ಇಳಿದು ಬಂದ. ಅವನು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೀತೇನೆ: "ನೀವು ಹೇಳಿದ್ದು ಸರಿ ಸರ್. ಆದರೆ ಮೊದಲು ನಮ್ಮ ಹತ್ತಿರ ಹೇಳಬೇಕಿತ್ತು. ಗೆದ್ದದ್ದು ನೀವೊಬ್ಬರೇ ಅಲ್ಲವಲ್ಲ."

ಅದೂ ಸರಿ. ಸತ್ಯ ಹೇಳುವಾಗಲೂ ನಾನು ಬೆಂಗಳೂರಿನವನ ಹಾಗೆ ಒಬ್ಬನೇ ಹೋಗಿ ಹೇಳಿ ಬಂದಿದ್ದೆ.

ಅಕ್ಕನ ಮಗಳಿಗೆ ಎಲ್ಲ ಹೇಳಿದೆ. "ರೆಫ್ರಿ ಇದ್ದದ್ದಕ್ಕೇ ಸುಳ್ಳು ಹೇಳಿದ್ದು ಮಾವ" ಅಂದಳು. ಇರಬಹುದು. ಸೀಟಿ ಹಿಡಿದವರೊಬ್ಬರು ಬಂದ ಕೂಡಲೇ ಸತ್ಯ ಹುಡುಕುವುದು ಅವರ ಕೆಲಸ, ಗೆಲ್ಲುವುದು ಮಾತ್ರ ನಮ್ಮ ಕೆಲಸ ಅಂತ ಆಗಿಬಿಡುತ್ತದೆ. ಆದರೆ ಅವತ್ತು ರೆಫ್ರಿ ನನ್ನನ್ನೇ ಕೇಳಿದ್ದರಲ್ಲ. ಆ ಎರಡು ಸೆಕೆಂಡು ನಾನೇ ರೆಫ್ರಿ ಆಗಿದ್ದೆ. ಹಾಗಾಗಿ ಆ ಸಮಾಧಾನವೂ ನನಗೆ ಪೂರ್ತಿ ದಕ್ಕುವುದಿಲ್ಲ.

ಈಗಲೂ ದಿನಾ ಸಂಜೆ ಹೋಗ್ತೇನೆ. ಶುಗರ್ ಬಾಗಿಲಿನಿಂದ ಅಂಗಳಕ್ಕೆ ಇಳಿದಿದೆ. ಬೆರಳು ಪೂರ್ತಿ ಮಡಚಲಿಕ್ಕೆ ಆಗುವುದಿಲ್ಲ. ಕ್ಯಾಪ್ಟನ್ ಮತ್ತೆ ಸರ್ ಅಂತಲೇ ಕರೀತಾನೆ. ಲಿಫ್ಟರ್ ಹುಡುಗ ಮಾತ್ರ ಒಮ್ಮೊಮ್ಮೆ ಮರೆತು ಅಣ್ಣ ಅಂತಾನೆ. ಆ ವೇಣೂರಿನ ಕಡೆಯವರು ಮಳೆ ಶುರುವಾಗುವ ಮೊದಲು ಒಂದು ಭಾನುವಾರ ನಮ್ಮ ಗದ್ದೆಗೆ ಬಂದು ಆಡ್ತೇವೆ ಅಂದಿದ್ದಾರೆ, ಸ್ಮ್ಯಾಶರ್ ಕೂಡ ಬರ್ತಾನಂತೆ. ರೆಫ್ರಿ ಯಾರು ಅಂತ ಕಂಡಕ್ಟರ್ ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಆಚಾರ್ರು ಸುಣ್ಣದ ಗೆರೆ ಹಾಕುತ್ತಿದ್ದವರು ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಗೆರೆ ಹಾಕಿದರು.

ನಿಮಗೂ ಹೀಗೆ ಒಂದು ಟಚ್ ಉಂಟಾ? ಇದ್ದರೆ ಹೇಳಿ, ನಾನು ರೆಫ್ರಿ ಅಲ್ಲ :)